ಟೈಮ್‌ಟೇಬಲ್ ಕಂಪ್ಲೀಟ್ ಆಯ್ತಾ?

ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಕೋಣೆಗಳಿಗಿಂತ ಸಮಿತಿಗಳು ಹೆಚ್ಚು. ಪ್ರವೇಶ ಸಮಿತಿ, ನ್ಯಾಕ್ ಸಮಿತಿ, ಸಾಂಸ್ಕೃತಿಕ ಸಮಿತಿ, ರ‍್ಯಾಗಿಂಗ್ ತಡೆ ಸಮಿತಿ, ಹಳೇ ಬೆಂಚು ವಿಲೇವಾರಿ ಸಮಿತಿ. ಪ್ರತಿಯೊಂದಕ್ಕೂ ಒಬ್ಬರು ಸಂಚಾಲಕರು, ನಾಲ್ಕಾರು ಸದಸ್ಯರು, ಒಂದು ನಡಾವಳಿ ಪುಸ್ತಕ. ಟೈಮ್‌ಟೇಬಲ್ ಸಮಿತಿಯಲ್ಲೂ ಕಾಗದದ ಮೇಲೆ ನಾಲ್ಕಾರು ಜನ ಇರುತ್ತಾರೆ. ಆದರೆ ಬೈಸಿಕೊಳ್ಳುವುದಕ್ಕೆ ಒಬ್ಬರಾದರೆ ಸಾಕು ಎಂಬ ಮಿತವ್ಯಯದ ದೃಷ್ಟಿಯಿಂದ ಉಳಿದವರು ಸಭೆಗೆ ಬರುವುದಿಲ್ಲ.

ಆ ಒಬ್ಬರನ್ನು ಆರಿಸುವುದರಲ್ಲೂ ಒಂದು ಸಂಪ್ರದಾಯವಿದೆ. ಅವರು ಕಾಲೇಜಿಗೆ ಹೊಸಬರಾಗಿರಬೇಕು, ಇಲ್ಲವೇ ಗಣಿತದವರಾಗಿರಬೇಕು. ನಾನು ಎರಡೂ ಆಗಿದ್ದೆ. ಗಣಿತ ಓದಿದವನಿಗೆ ಲೋಕ ವಹಿಸಿಕೊಡುವ ಕೆಲಸಗಳು ಇಷ್ಟೇ: ಸ್ಟಾಫ್ ರೂಮಿನ ಕಾಫಿ ಲೆಕ್ಕ, ಫೆಬ್ರವರಿ ತಿಂಗಳಲ್ಲಿ ಎಲ್ಲರ ಇನ್‌ಕಮ್ ಟ್ಯಾಕ್ಸ್, ಮತ್ತು ಟೈಮ್‌ಟೇಬಲ್. ಟೋಪಾಲಜಿಯ ಬಗ್ಗೆ ಇದುವರೆಗೆ ಯಾರೂ ನನ್ನನ್ನು ಏನೂ ಕೇಳಿಲ್ಲ.

“ನೀವು ಮ್ಯಾಥ್ಸ್ ಅಲ್ವೇನ್ರೀ? ನಿಮಗೆ ಎಷ್ಟೊತ್ತಿನ ಕೆಲಸ!” ಅಂದರು ಪ್ರಿನ್ಸಿಪಾಲರು.

ಬೇಡ ಅನ್ನಬಹುದಿತ್ತು. ಅನ್ನದೆ ಇರುವುದಕ್ಕೆ ಎರಡು ಕಾರಣಗಳಿದ್ದವು. ಎಂ.ಎಸ್ಸಿ.ಯಲ್ಲಿ ಗ್ರಾಫ್ ಥಿಯರಿ ಓದಿದ್ದೆ. ಬಣ್ಣ ಹಚ್ಚುವ ಅಧ್ಯಾಯದ ಕೊನೆಯಲ್ಲಿ ‘ಉಪಯೋಗಗಳು: ಟೈಮ್‌ಟೇಬಲ್ ರಚನೆ’ ಎಂದು ಒಂದು ಸಾಲು ಬರುತ್ತದೆ. ಓದಿದ್ದು ಉಪಯೋಗಕ್ಕೆ ಬರುವ ಭಾಗ್ಯ ಗಣಿತದವರಿಗೆ ದಿನಾ ಸಿಗುವುದಿಲ್ಲ. ಇನ್ನೊಂದು ಕಾರಣ, ಶನಿವಾರ ಹನ್ನೊಂದೂವರೆಗೆ ನಮ್ಮೂರಿನ ಸ್ಟ್ಯಾಂಡಿನಿಂದ ಮೈಸೂರಿಗೆ ಹೊರಡುವ ಬಸ್ಸು. ಹೆಂಡತಿ, ಮಗಳು ಮೈಸೂರಿನಲ್ಲಿ. ನಾನು ಈ ತಾಲ್ಲೂಕು ಕೇಂದ್ರದಲ್ಲಿ ಬಾಡಿಗೆ ರೂಮಿನಲ್ಲಿ. ಟೈಮ್‌ಟೇಬಲ್ ಮಾಡುವವನಿಗೆ ಶನಿವಾರದ ಮೊದಲ ಅವರ್ ಮುಗಿಸಿ ಬಸ್ಸು ಹತ್ತುವುದು ಏನು ಮಹಾ? ಮೊದಲನೆಯ ಕಾರಣವನ್ನು ಸ್ಟಾಫ್ ಮೀಟಿಂಗಿನಲ್ಲಿ ವಿಸ್ತಾರವಾಗಿ ಹೇಳಿದೆ. ಎರಡನೆಯದನ್ನು ಯಾರಿಗೂ ಹೇಳಲಿಲ್ಲ.

ಇದು 2021ರ ಮಾತು. ಅಲ್ಲಿಯವರೆಗೆ ನಮ್ಮಲ್ಲಿ ಟೈಮ್‌ಟೇಬಲ್ ಮಾಡುತ್ತಿದ್ದವರು ಕನ್ನಡ ವಿಭಾಗದ ಹಿರಿಯ ಮೇಷ್ಟ್ರು. ಅವರ ಸಲಕರಣೆಗಳು ಹೋದ ವರ್ಷದ ಟೈಮ್‌ಟೇಬಲ್, ಒಂದು ಬಾಟಲಿ ವೈಟ್‌ನರ್, ಬಸ್‌ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿ. ಇಸವಿಯ ಮೇಲೆ ವೈಟ್‌ನರ್ ಬಳಿದು, ಊದಿ ಆರಿಸಿ, ಹೊಸ ಇಸವಿ ಬರೆದು, ಜೆರಾಕ್ಸ್ ಮಾಡಿಸಿ ಬೋರ್ಡಿಗೆ ಹಚ್ಚಿದರೆ ಮುಗಿಯಿತು. ವರ್ಷ ವರ್ಷವೂ ಬಳಿದದ್ದು ಪದರ ಪದರವಾಗಿ ಗಟ್ಟಿಯಾಗಿ, ಮೂಲಪ್ರತಿಯ ಮೇಲೆ ಕೈಯಾಡಿಸಿದರೆ ಇಸವಿ ಬೆರಳಿಗೆ ತಗಲುತ್ತಿತ್ತು. ನಾನು ಅದನ್ನು ನೋಡಿ ನಕ್ಕಿದ್ದೆ. ನಗಬಾರದಿತ್ತು. ಆಗ ಕಾಂಬಿನೇಷನ್ನುಗಳು ಸ್ಥಿರವಾಗಿದ್ದವು. ಪಿಸಿಎಂ ಎಂದರೆ ಪಿಸಿಎಂ, ಸಿಬಿಜೆಡ್ ಎಂದರೆ ಸಿಬಿಜೆಡ್; ಬಿ.ಎ.ಯಲ್ಲಿ ಎಚ್‌ಇಪಿ, ಎಚ್‌ಇಕೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರದ ಹುಡುಗರು ಒಂದು ಕೋಣೆಯಲ್ಲಿ ಕೂತಿರುತ್ತಿದ್ದರು, ಮೇಷ್ಟ್ರುಗಳು ಸರದಿಯಂತೆ ಬಂದು ಹೋಗುತ್ತಿದ್ದರು. ಏನೂ ಬದಲಾಗದ ಕಡೆ ಇಸವಿ ಬಿಟ್ಟು ಬೇರೆ ಏನನ್ನು ಅಳಿಸಬೇಕು?

ಆ ಆಗಸ್ಟ್‌ನಲ್ಲಿ, ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ತರಗತಿಗಳಿಗೆ ತಂದ ಮೊದಲ ರಾಜ್ಯ ಎಂಬ ಹೆಸರು ಕರ್ನಾಟಕಕ್ಕೆ ಬಂತು. ಹೆಸರು ರಾಜ್ಯಕ್ಕೆ ಬಂತು, ಟೈಮ್‌ಟೇಬಲ್ ನನಗೆ ಬಂತು.

ಮೂರರ ಕಟ್ಟು ಒಡೆದು ಹೋಯಿತು. ಇನ್ನು ಮೇಲೆ ವಿದ್ಯಾರ್ಥಿ ಎರಡು ಮುಖ್ಯ ವಿಷಯ ಆರಿಸಿಕೊಳ್ಳಬೇಕು. ಅದಕ್ಕೆ ಡಿಎಸ್‌ಸಿ ಎಂದು ಹೆಸರು. ಜೊತೆಗೆ ಎರಡು ಭಾಷೆ, ತನ್ನ ವಿಭಾಗದ ಹೊರಗಿನದೊಂದು ಓಪನ್ ಎಲೆಕ್ಟಿವ್, ಡಿಜಿಟಲ್ ಫ್ಲುಯೆನ್ಸಿ, ಯೋಗ, ಆರೋಗ್ಯ ಮತ್ತು ಕ್ಷೇಮ. ಹತ್ತು ವಿಷಯಗಳಿರುವ ಕಾಲೇಜಿನಲ್ಲಿ ಎರಡೆರಡಾಗಿ ಆರಿಸಿದರೆ 45 ಜೋಡಿಗಳಾಗುತ್ತವೆ ಎಂದು ನಾನು ಬೋರ್ಡಿನ ಮೇಲೆ ಲೆಕ್ಕ ಮಾಡಿ ತೋರಿಸಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಮೊದಲ ಸೆಮಿಸ್ಟರಿನ ಬಿ.ಎಸ್ಸಿ. ಹುಡುಗನ ವಾರವನ್ನೇ ತೆಗೆದುಕೊಳ್ಳಿ. ಭಾಷೆಗಳು ನಾಲ್ಕು ನಾಲ್ಕು, 8 ಗಂಟೆ. ಎರಡು ಡಿಎಸ್‌ಸಿ ಥಿಯರಿ 8, ಅವುಗಳ ಪ್ರಾಕ್ಟಿಕಲ್ 8. ಓಇ 3. ಡಿಜಿಟಲ್ ಫ್ಲುಯೆನ್ಸಿ ಪಾಠ 1, ಅಭ್ಯಾಸ 2. ಯೋಗ 2, ಆರೋಗ್ಯ 2. ಒಟ್ಟು 34. ನಮ್ಮ ಕಾಲೇಜು ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ ಆರು ಅವರ್, ಶನಿವಾರ ನಾಲ್ಕು. ಅದೂ 34. ಈ ಎರಡು ಮೂವತ್ನಾಲ್ಕು ಒಂದಕ್ಕೊಂದು ಸರಿಹೊಂದಿದ್ದನ್ನು ಕಂಡ ರಾತ್ರಿ ನನಗೆ ಸಂತೋಷದಿಂದ ನಿದ್ದೆ ಬರಲಿಲ್ಲ. ಉಸಿರಾಡಲು ಒಂದು ಅವರ್ ಕೂಡ ಉಳಿಯದ ವ್ಯವಸ್ಥೆಯನ್ನು ನೋಡಿ ಹೆದರಬೇಕಾಗಿತ್ತು. ನಾನು ‘ಎಂಥ ಸೊಗಸಾದ ಸಮೀಕರಣ’ ಅಂದುಕೊಂಡೆ. ಆ 34ರೊಳಗೆ ಶನಿವಾರದ ನಾಲ್ಕೂ ಸೇರಿವೆ ಎಂಬ ಸಂಗತಿ ಆಗ ಮನಸ್ಸಿಗೆ ತಟ್ಟಲಿಲ್ಲ.

ಬೇಡಿಕೆಗಳಿದ್ದರೆ ಚೀಟಿಯಲ್ಲಿ ಬರೆದುಕೊಡಿ ಎಂದು ಸಹೋದ್ಯೋಗಿಗಳಿಗೆ ಪ್ರಕಟಣೆ ಕೊಟ್ಟೆ. ಪ್ರಜಾಪ್ರಭುತ್ವದ ಮೇಲೆ ನಂಬಿಕೆಯಿದ್ದ ದಿನಗಳು. ಫಿಸಿಕ್ಸಿನವರು ಹಾಸನದಿಂದ ಬರುವವರು, ಫಸ್ಟ್ ಅವರ್ ಬೇಡ. ಹಿಸ್ಟರಿ ಮೇಡಂ ಮಗುವನ್ನು ಮೂರೂವರೆಗೆ ಸ್ಕೂಲಿನಿಂದ ಕರೆತರಬೇಕು, ಲಾಸ್ಟ್ ಅವರ್ ಬೇಡ. ಎಕನಾಮಿಕ್ಸಿನವರಿಗೆ ಮಂಡಿನೋವು, ಮಹಡಿ ಬೇಡ. ಡಾಕ್ಟರ ಚೀಟಿಯನ್ನೂ ಲಗತ್ತಿಸಿದ್ದರು. ಹಿಂದಿಯವರು ನಿಯೋಜನೆಯ ಮೇಲೆ ವಾರದಲ್ಲಿ ಮೂರು ದಿನ ಮಾತ್ರ ಇಲ್ಲಿ, ಮಿಕ್ಕ ಮೂರು ದಿನ ಬೇರೆ ಕಾಲೇಜಿನಲ್ಲಿ; ಯಾವ ಮೂರು ದಿನ ಎಂಬುದನ್ನು ಆ ಕಾಲೇಜಿನ ಟೈಮ್‌ಟೇಬಲ್ ಆದ ಮೇಲೆ ಹೇಳುತ್ತೇನೆಂದರು. ಆ ಕಾಲೇಜಿಗೆ ಫೋನ್ ಮಾಡಿದರೆ ಅವರು ನಮ್ಮ ಟೈಮ್‌ಟೇಬಲ್‌ಗೆ ಕಾಯುತ್ತಿದ್ದರು.

ಕನ್ನಡದ ಹಿರಿಯರ ಚೀಟಿ ಚಿಕ್ಕದು: “ಊಟವಾದ ಮೇಲೆ ಹಳಗನ್ನಡ ಬೇಡ. ಹುಡುಗರು ಮಲಗಿದರೆ ಎಬ್ಬಿಸಬಹುದು, ನಾನು ಮಲಗಿದರೆ ಕಷ್ಟ.”

ಕೆಮಿಸ್ಟ್ರಿಯವರು ಚೀಟಿ ಕೊಡಲಿಲ್ಲ, ಪಕ್ಕಕ್ಕೆ ಕರೆದರು. ವಿಜ್ಞಾನದ ಮನುಷ್ಯ, ಎಲ್ಲರೆದುರು ಹೇಳಲು ಸಂಕೋಚ. ಪ್ರಾಕ್ಟಿಕಲ್ ಮಾತ್ರ ರಾಹುಕಾಲದಲ್ಲಿ ಶುರುವಾಗಬಾರದು. ಹೋದ ವರ್ಷ ಶುರುವಾಗಿ ಒಂದು ಡಬ್ಬ ಬ್ಯುರೆಟ್ ಒಡೆದಿತ್ತಂತೆ. ಮನೆಗೆ ಹೋಗಿ ಕ್ಯಾಲೆಂಡರ್ ನೋಡಿದೆ. ಮಂಗಳವಾರ ಮೂರರಿಂದ ನಾಲ್ಕೂವರೆ, ಬುಧವಾರ ಹನ್ನೆರಡರಿಂದ ಒಂದೂವರೆ, ಗುರುವಾರ ಒಂದೂವರೆಯಿಂದ ಮೂರು, ಶುಕ್ರವಾರ ಹತ್ತೂವರೆಯಿಂದ ಹನ್ನೆರಡು, ಶನಿವಾರ ಒಂಬತ್ತರಿಂದ ಹತ್ತೂವರೆ. ಕಾಲೇಜಿನ ವೇಳೆಗೆ ಅಡ್ಡ ಬಾರದ ರಾಹು ಸೋಮವಾರದವನೊಬ್ಬನೇ. ಪಾಪ, ಅವನು ಬೆಳಿಗ್ಗೆ ಒಂಬತ್ತಕ್ಕೇ ಡ್ಯೂಟಿ ಮುಗಿಸುತ್ತಾನೆ.

ಯೋಗದ ಎರಡು ಅವರ್ ಊಟದ ನಂತರಕ್ಕೆ ಹೋಗಿತ್ತು. ಬೆಳಿಗ್ಗೆ ಹಾಕೋಣವೆಂದರೆ ಹಳ್ಳಿಯ ಬಸ್ಸುಗಳು ಹತ್ತು ಗಂಟೆಗೆ ಮೊದಲು ಬರುವುದಿಲ್ಲ. ಪಿ.ಡಿ. ಸಾರ್ ಕರಡನ್ನು ನೋಡಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಮುದ್ದೆ ಉಂಡು ಬಂದೋರಿಗೆ ಎರಡು ಗಂಟೆಗೆ ಪವನಮುಕ್ತಾಸನ ಮಾಡಿಸಬೇಕಾ ಸಾರ್? ಆಗೋ ಅನಾಹುತಕ್ಕೆ ನಾನು ಜವಾಬ್ದಾರನಲ್ಲ. ಬರೆದು ಸಹಿ ಹಾಕಿ ಕೊಡಿ” ಅಂದರು.

ಅವರವರ ಕಷ್ಟ ಅವರವರಿಗೆ. ಎಲ್ಲ ಚೀಟಿಗಳನ್ನೂ ಮೇಜಿನ ಮೇಲೆ ಹರವಿಕೊಂಡು ನಾನು ಶಾಸ್ತ್ರಕ್ಕೆ ಮೊರೆಹೋದೆ. 1967ರಲ್ಲಿ ವೆಲ್ಶ್ ಮತ್ತು ಪೊವೆಲ್ ಎಂಬಿಬ್ಬರು ಟೈಮ್‌ಟೇಬಲ್ ಸಮಸ್ಯೆಗೆಂದೇ ಒಂದು ಉಪಾಯ ಬರೆದಿದ್ದಾರೆ. ಪ್ರತಿ ಕ್ಲಾಸಿಗೂ ಒಂದು ಚುಕ್ಕಿ. ಎರಡು ಕ್ಲಾಸುಗಳಲ್ಲೂ ಇರಬೇಕಾದ ವಿದ್ಯಾರ್ಥಿ ಒಬ್ಬನಿದ್ದರೂ ಆ ಎರಡು ಚುಕ್ಕಿಗಳ ನಡುವೆ ಒಂದು ಗೆರೆ. ಗೆರೆಯಿಂದ ಕೂಡಿದ ಚುಕ್ಕಿಗಳಿಗೆ ಒಂದೇ ಬಣ್ಣ ಬರಕೂಡದು. ಬಣ್ಣ ಎಂದರೆ ಅವರ್. ಹೆಚ್ಚು ಗೆರೆಗಳಿರುವ ಚುಕ್ಕಿಗೆ ಮೊದಲು ಬಣ್ಣ ಹಚ್ಚಿ, ಹಾಗೇ ಇಳಿಯುತ್ತ ಬನ್ನಿ ಅನ್ನುತ್ತದೆ ಉಪಾಯ. ಅಂದರೆ ಹೆಚ್ಚು ಜಗಳಗಂಟನಿಗೆ ಮೊದಲು ಜಾಗ. ಸರ್ಕಾರಿ ಕಚೇರಿಗಳಲ್ಲಿ ಇದನ್ನು ವೆಲ್ಶ್ ಪೊವೆಲ್‌ಗಿಂತ ಮೊದಲೇ ಕಂಡುಕೊಂಡಿದ್ದಾರೆ.

ಬಿ.ಎಸ್ಸಿ.ಯ ಚುಕ್ಕಿಗಳು ಒಂದು ಕಡೆ, ಬಿ.ಎ.ಯವು ಇನ್ನೊಂದು ಕಡೆ, ನಡುವೆ ಡಿಎಸ್‌ಸಿಯ ಗೆರೆಗಳಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ಬಿಡಿಸಬಹುದು ಎಂದು ಕೈ ಉಜ್ಜಿಕೊಳ್ಳುವಷ್ಟರಲ್ಲಿ ಪ್ರವೇಶದ ಪಟ್ಟಿಯಲ್ಲಿ ಒಬ್ಬ ಹುಡುಗ ಕಂಡ. ಗಣಿತ ಮತ್ತು ಭೂಗೋಳ. ಇಡೀ ಕಾಲೇಜಿನಲ್ಲಿ ಆ ಜೋಡಿ ತೆಗೆದುಕೊಂಡವನು ಅವನೊಬ್ಬನೇ. ಅವನ ಒಂದೇ ಒಂದು ಗೆರೆ ಸೈನ್ಸ್ ಬ್ಲಾಕಿನಿಂದ ಆರ್ಟ್ಸ್ ಬ್ಲಾಕಿಗೆ ಎಳೆದುಕೊಂಡು ಹೋಗಿ ಎರಡನ್ನೂ ಗಂಟುಹಾಕಿತ್ತು. ಕರೆಸಿ ಕೇಳಿದೆ.

“ಜಿಯಾಗ್ರಫಿ ಯಾಕಪ್ಪಾ?”

“ಹೈಸ್ಕೂಲಲ್ಲಿ ನಮ್ಮ ಮೇಷ್ಟ್ರು ಮ್ಯಾಪ್ ಬರೆಸ್ತಿದ್ರು ಸಾರ್. ಇಷ್ಟ.”

“ಮ್ಯಾಥ್ಸ್ ಯಾಕೆ?”

“ನಮ್ಮ ಮಾವ ತಗೋ ಅಂದ್ರು ಸಾರ್.”

ಹೊಸ ನೀತಿಯ ಆಶಯವನ್ನು ಅಕ್ಷರಶಃ ಪಾಲಿಸಿದ ಒಬ್ಬನೇ ಒಬ್ಬ ವಿದ್ಯಾರ್ಥಿ ನನ್ನ ಎದುರಿಗೆ ನಿಂತಿದ್ದ. ನನಗೆ ಅವನನ್ನು ಕಂಡರೆ ಆಗದು ಅನ್ನಿಸಿತು.

ಕೈಯಲ್ಲಿ ಆಗದ್ದನ್ನು ಕಂಪ್ಯೂಟರ್ ಮಾಡೀತು ಎಂದು ಎಫ್‌ಇಟಿ ಎಂಬ ಉಚಿತ ತಂತ್ರಾಂಶ ಹಾಕಿಸಿದೆ. ರೊಮೇನಿಯಾದ ಲಿವಿಯು ಲಾಲೆಸ್ಕು ಬರೆದದ್ದು. ಎಷ್ಟೋ ದೇಶಗಳ ಶಾಲೆಗಳು ಬಳಸುತ್ತವೆ. ಅದಕ್ಕೆ ಮೇಷ್ಟ್ರುಗಳ ಹೆಸರು, ಕ್ಲಾಸು, ಕೋಣೆ, ಯಾರು ಯಾವಾಗ ಸಿಗುವುದಿಲ್ಲ ಎಲ್ಲ ತುಂಬಿಸಬೇಕು. ಪರೀಕ್ಷೆಗೆಂದು ಮೊದಲು ಒಂದೇ ಒಂದು ಷರತ್ತು ಕೊಟ್ಟೆ: ಗಣಿತದವರು ಶನಿವಾರ ಹನ್ನೊಂದರ ನಂತರ ಇಲ್ಲ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಟೈಮ್‌ಟೇಬಲ್ ಬಂತು. ಉಳಿದವರು ಇಲ್ಲದಿದ್ದರೆ ಎಂಥ ಸುಲಭದ ಕೆಲಸ! ಆಮೇಲೆ ಚೀಟಿಗಳನ್ನೆಲ್ಲ ಒಂದೊಂದಾಗಿ ತುಂಬಿಸಿದೆ, ರಾಹುವಿನದನ್ನೂ. ತಂತ್ರಾಂಶ ರಾತ್ರಿಯೆಲ್ಲ ತಿಣುಕಿ, ಬೆಳಿಗ್ಗೆ ನೋಡಿದರೆ ಫಿಸಿಕ್ಸ್ ಪ್ರಾಕ್ಟಿಕಲ್ಲಿನ ಹತ್ತಿರ ನಿಂತಿತ್ತು. ಅದರ ತಪ್ಪೇನಿಲ್ಲ. ನಮ್ಮನ್ನು ಅದು ಸರಿಯಾಗಿಯೇ ಅರ್ಥ ಮಾಡಿಕೊಂಡಿತ್ತು.

ಅಷ್ಟರಲ್ಲಿ ಕ್ಲಾಸು ಶುರುವಾಗಬೇಕಾದ ದಿನ ಹತ್ತಿರ ಬಂದಿತ್ತು. ಪ್ರಿನ್ಸಿಪಾಲರು ಚೇಂಬರಿಗೆ ಕರೆಸಿದರು. ನನ್ನ ಅಸಾಮರ್ಥ್ಯಕ್ಕೆ ಅಂತರರಾಷ್ಟ್ರೀಯ ಆಧಾರ ಒದಗಿಸುವುದು ಒಳ್ಳೆಯದೆಂದು ತೋರಿತು.

“ಸಾರ್, ಇದು ಸಾಮಾನ್ಯ ಸಮಸ್ಯೆ ಅಲ್ಲ. 1975ರಲ್ಲಿ ಈವನ್, ಇತಾಯಿ, ಶಮೀರ್ ಅಂತ ಮೂರು ಜನ ಇಸ್ರೇಲಿ ವಿಜ್ಞಾನಿಗಳು ಇದರ ಮೇಲೆ ಪ್ರಬಂಧ ಬರೆದಿದ್ದಾರೆ. ಆ ಶಮೀರ್ ಅಂದ್ರೆ ಆರ್‌ಎಸ್‌ಎ ಗೂಢಲಿಪಿ ಇದೆಯಲ್ಲ ಸಾರ್, ಅದರ ‘ಎಸ್’. ಅಂಥೋರೇ ಸಾಧಿಸಿ ತೋರಿಸಿದಾರೆ, ಟೈಮ್‌ಟೇಬಲ್ ಅನ್ನೋದು ಎನ್‌ಪಿ ಕಂಪ್ಲೀಟ್ ಅಂತ.”

ಪ್ರಿನ್ಸಿಪಾಲರ ಮುಖ ಅರಳಿತು. “ಕಂಪ್ಲೀಟ್ ಆಯ್ತಾ? ಇಷ್ಟೊತ್ತು ಅದನ್ನ ಹೇಳೋದಲ್ವಾ! ಬೋರ್ಡಿಗೆ ಹಾಕ್ಸಿ.”

ಇದಾದ ಮೇಲೆ ನನಗೆ ಉಳಿದದ್ದು ಚೀಟಿಗಳನ್ನು ಒಂದೊಂದಾಗಿ ಕೈಬಿಡುವುದು. ಮೊದಲು ರಾಹುವನ್ನು ಬಿಟ್ಟೆ, ಆಮೇಲೆ ಮಂಡಿನೋವನ್ನು, ಆಮೇಲೆ ಹಳಗನ್ನಡವನ್ನು. ಹಿಸ್ಟರಿ ಮೇಡಂ ಅವರ ಮಗುವನ್ನು ಬಿಡುವಾಗ ಸ್ವಲ್ಪ ಹೊತ್ತು ಕೈ ತಡೆಯಿತು. ಕೈಬಿಡದೆ ಉಳಿಸಿಕೊಂಡ ಷರತ್ತು ಒಂದೇ. ಅದು ಯಾವುದೆಂದು ಓದುಗರು ಊಹಿಸಬಲ್ಲರು. ಬೆಳಗಿನ ಜಾವ ತಂತ್ರಾಂಶ ಒಪ್ಪಿಕೊಂಡಿತು. ಯಾರಾದರೂ ಕೇಳಿದರೆ ಹೇಳಲು ಒಂದು ವಾಕ್ಯವನ್ನೂ ಸಿದ್ಧಮಾಡಿಕೊಂಡೆ: “ಕಂಪ್ಯೂಟರ್ ಹಾಗೆ ಕೊಟ್ಟಿದೆ.”

ದೊಡ್ಡ ಡ್ರಾಯಿಂಗ್ ಶೀಟಿನ ಮೇಲೆ ಅದನ್ನು ಬರೆದು, ಮೇಷ್ಟ್ರಿಗೊಂದರಂತೆ ಸ್ಕೆಚ್ ಪೆನ್ ಬಣ್ಣ ಹಚ್ಚಲು ಎನ್‌ಎಸ್‌ಎಸ್‌ನ ಇಬ್ಬರು ಹುಡುಗಿಯರಿಗೆ ಹೇಳಿದೆ. ಗಣಿತಕ್ಕೆ ನಿಂಬೆಹಳದಿ ಎಂದು ನಾನೇ ಸೂಚಿಸಿದೆ. ಬಿಳಿ ಹಾಳೆಯ ಮೇಲೆ ಇದೆಯೋ ಇಲ್ಲವೋ ತಿಳಿಯದ ಬಣ್ಣ ಅದು. ಯಾವ ದಿನ ಇದೆ, ಯಾವ ದಿನ ಇಲ್ಲ ಎಂದು ಥಟ್ಟನೆ ಕಣ್ಣಿಗೆ ಬೀಳುವುದಿಲ್ಲ.

ಬೋರ್ಡಿಗೆ ಹಾಕಿದ ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಅಸಾಧ್ಯ ಮೌನವಿತ್ತು. ಎಲ್ಲರೂ ಅವರವರ ಬಣ್ಣದ ಹಿಂದೆ ಬೆರಳು ಓಡಿಸುತ್ತಿದ್ದರು. ಹಿಸ್ಟರಿ ಮೇಡಂ ಮಾತ್ರ ತಮ್ಮ ಬಣ್ಣ ಬಿಟ್ಟು ನನ್ನದನ್ನು ಹುಡುಕಿದರು. ಅವರು ತಾಮ್ರಪಟ, ಶಾಸನ ಓದಿ ಅಭ್ಯಾಸವಿದ್ದವರು, ಮಾಸಿದ ಅಕ್ಷರ ಅವರಿಗೊಂದು ಲೆಕ್ಕವಲ್ಲ.

“ಸಾರ್, ಶನಿವಾರದ ಕಾಲಂನಲ್ಲಿ ನಿಮ್ಮ ಹಳದಿ ಫಸ್ಟ್ ಅವರ್ ಬಿಟ್ರೆ ಆಮೇಲೆ ಕಾಣ್ತಿಲ್ವಲ್ಲ?”

“ಕಂಪ್ಯೂಟರ್ ಹಾಗೆ ಕೊಟ್ಟಿದೆ ಮೇಡಂ.”

“ಓಹೋ. ಹಾಗಾದ್ರೆ ಶನಿವಾರ ಹತ್ತರಿಂದ ಎರಡರ ತನಕ ಕಂಪ್ಯೂಟರ್ ಲ್ಯಾಬಲ್ಲಿ ಈ ಕಂದು ಬಣ್ಣ ಯಾರು?”

ಬಗ್ಗಿ ನೋಡಿದೆ. ಕಂದು ಬಣ್ಣದ ನಾಲ್ಕು ಮನೆ. ಒಳಗೆ ಸಣ್ಣ ಅಕ್ಷರದಲ್ಲಿ ನನ್ನ ಇನಿಷಿಯಲ್.

ಆದದ್ದು ಇಷ್ಟು. ಥಿಯರಿ ಕ್ಲಾಸುಗಳನ್ನು ತುಂಬಿಸುವಾಗ ಮೇಷ್ಟ್ರ ಹೆಸರಿನ ಜಾಗದಲ್ಲಿ ‘ಗಣಿತ’ ಎಂದು ಬರೆದಿದ್ದೆ. ಹೊಸ ಪಠ್ಯಕ್ರಮದಲ್ಲಿ ಗಣಿತಕ್ಕೂ ವಾರಕ್ಕೆ ನಾಲ್ಕು ಗಂಟೆ ಪ್ರಾಕ್ಟಿಕಲ್, ಕಂಪ್ಯೂಟರಿನ ಮೇಲೆ. ಅದನ್ನು ಬೇರೊಂದು ದಿನ ತುಂಬಿಸುವಾಗ ನನ್ನ ಇನಿಷಿಯಲ್ ಹಾಕಿದ್ದೆ. ತಂತ್ರಾಂಶಕ್ಕೆ ನಾವು ಇಬ್ಬರು. ಗಣಿತ ಎಂಬ ಮಹಾಶಯನಿಗೆ ಶನಿವಾರ ಹನ್ನೊಂದರ ಮೇಲೆ ಬಿಡುವು ಕೊಟ್ಟು, ಇನಿಷಿಯಲ್ ಎಂಬ ಬಡಪಾಯಿಯನ್ನು ಎರಡು ಗಂಟೆಯವರೆಗೆ ಲ್ಯಾಬಿನಲ್ಲಿ ಕೂಡಿಹಾಕಿತ್ತು. ಸಾಲದೆಂಬಂತೆ ಶನಿವಾರ ಫಸ್ಟ್ ಅವರ್ ಇಬ್ಬರೂ ಬೇರೆ ಬೇರೆ ಕಡೆ ಇರಬೇಕಾಗಿತ್ತು: ಒಬ್ಬ ಹನ್ನೊಂದನೇ ನಂಬರ್ ಕೋಣೆಯಲ್ಲಿ ಪಾಠ ಮಾಡುತ್ತ, ಇನ್ನೊಬ್ಬ ಮಹಡಿಯ ಲ್ಯಾಬಿನಲ್ಲಿ ಪ್ರೋಗ್ರಾಂ ಬರೆಸುತ್ತ.

ಆ ಲ್ಯಾಬಿನದೇ ಒಂದು ಕಥೆ. ಇರುವುದು ಒಂದು ಲ್ಯಾಬು. ಕಂಪ್ಯೂಟರ್ ಸೈನ್ಸಿಗೂ ಅದೇ, ಗಣಿತಕ್ಕೂ ಅದೇ, ಎಲ್ಲ ವಿಭಾಗದವರ ಡಿಜಿಟಲ್ ಫ್ಲುಯೆನ್ಸಿಗೂ ಅದೇ. ಕೃತಕ ಬುದ್ಧಿಮತ್ತೆ, ಬಿಗ್ ಡೇಟಾ, ಇಂಟರ್‌ನೆಟ್ ಆಫ್ ಥಿಂಗ್ಸ್ ಕಲಿಸಬೇಕಾದ ಆ ಕೋರ್ಸಿನ ಮೊದಲ ಕ್ಲಾಸಿನ ದಿನ ಕರೆಂಟು ಹೋಗಿ ಯುಪಿಎಸ್ ಕುಂಯ್‌ಗುಟ್ಟಲು ಶುರುಮಾಡಿತು. ಅತಿಥಿ ಉಪನ್ಯಾಸಕಿಯೊಬ್ಬರು ಕೃತಕ ಬುದ್ಧಿಮತ್ತೆಯನ್ನು ಸೀಮೆಸುಣ್ಣದಲ್ಲಿ ಬರೆದು ವಿವರಿಸಿದರು. ಚೆನ್ನಾಗಿಯೇ ವಿವರಿಸಿದರಂತೆ. ಅದೇ ಹೊತ್ತಿಗೆ ಬಾಗಿಲಲ್ಲಿ ಕಂಪ್ಯೂಟರ್ ಸೈನ್ಸಿನ ಬ್ಯಾಚು, ಮೆಟ್ಟಿಲ ಮೇಲೆ ನನ್ನ ಬ್ಯಾಚು. ಮೂವರ ಕೈಯಲ್ಲೂ ನಾನೇ ಸಹಿ ಹಾಕಿದ ಟೈಮ್‌ಟೇಬಲ್.

ಓಪನ್ ಎಲೆಕ್ಟಿವ್ ದಿನ ಇನ್ನೂ ಸೊಗಸು. ಎಲ್ಲ ವಿಭಾಗದವರೂ ಬೇರೆ ವಿಭಾಗಕ್ಕೆ ಹೋಗಬೇಕಾದ್ದರಿಂದ ಎಲ್ಲ ಓಇಗಳೂ ಒಂದೇ ಅವರ್‌ಗೆ ಬೀಳಬೇಕು, ಎಲ್ಲ ಮೇಷ್ಟ್ರುಗಳೂ ಒಟ್ಟಿಗೆ ಬಿಡುವಾಗಿರಬೇಕು, ಅಷ್ಟೂ ಕೋಣೆ ಖಾಲಿ ಇರಬೇಕು. ನೂರಕ್ಕೆ 40 ಇಂಟರ್ನಲ್ ಅಂಕ; ಕಾಮರ್ಸಿನ ಓಇಯಲ್ಲಿ ಅದನ್ನು ಧಾರಾಳವಾಗಿ ಕೊಡುತ್ತಾರೆಂಬ ಸುದ್ದಿ ಯಾರು ಹಬ್ಬಿಸಿದರೋ, ಇಡೀ ಬಿ.ಎ., ಬಿ.ಎಸ್ಸಿ. ಅಲ್ಲಿ ನುಗ್ಗಿತ್ತು. ಬೆಂಚು, ಕಿಟಕಿ ಕಟ್ಟೆ, ಕಾರಿಡಾರು ಎಲ್ಲ ಭರ್ತಿ. ಗಣಿತದ ಓಇಗೆ ಮೂವರು ಬಂದಿದ್ದರು. ಅವರಲ್ಲಿ ಒಬ್ಬ ಹಾಜರಿ ಕರೆಯುವಾಗ ಎದ್ದುನಿಂತು, “ಸಾರ್, ಸ್ಕಾಲರ್‌ಶಿಪ್ ಫಾರಂ ಇಲ್ಲೇ ಅಲ್ವಾ ಕೊಡೋದು?” ಅಂದ.

ಆ ಶನಿವಾರ ಹನ್ನೊಂದೂವರೆಗೆ ನಾನು ಲ್ಯಾಬಿನ ಕಿಟಕಿಯಿಂದ ಮೈಸೂರು ಬಸ್ಸು ತಿರುವು ದಾಟುವುದನ್ನು ನೋಡಿದೆ. ಮಧ್ಯಾಹ್ನ ಹೆಂಡತಿಯ ಫೋನ್.

“ಟೈಮ್‌ಟೇಬಲ್ ಮಾಡೋದು ನೀವೇ ಅಂದ್ರಲ್ಲ?”

“ಹೌದು.”

“ಮತ್ತೆ?”

ಮೂವತ್ತು ವರ್ಷದ ಸರ್ವೀಸಿನಲ್ಲಿ ಯಾವ ವಿದ್ಯಾರ್ಥಿಯೂ ಕೇಳದಷ್ಟು ಕಠಿಣವಾದ ಪ್ರಶ್ನೆ ಅದು ಎಂದು ಕನ್ನಡದ ಹಿರಿಯರು ಆಮೇಲೆ ಅಭಿಪ್ರಾಯಪಟ್ಟರು.

ಶನಿವಾರದ ಪ್ರಾಕ್ಟಿಕಲ್ಲನ್ನು ಬೇರೆಡೆಗೆ ಸರಿಸಲು ಹೊರಟೆ. ಬುಧವಾರ ಮಧ್ಯಾಹ್ನ ಲ್ಯಾಬು ಖಾಲಿ. ಬಿ.ಎಸ್ಸಿ. ಬ್ಯಾಚಿನವರು ಆ ಹೊತ್ತಿನಲ್ಲಿ ಯೋಗ, ಆರೋಗ್ಯದ ಕ್ಲಾಸಿನಲ್ಲಿರುತ್ತಿದ್ದರು. ಅವನ್ನು ಶನಿವಾರ ಬೆಳಿಗ್ಗೆ ಹಾಕಿದರೆ ಪಿ.ಡಿ. ಸಾರ್‌ಗೂ ಹಿತ, ಮುದ್ದೆಯ ಭಯವಿಲ್ಲ. ಅಡ್ಡ ಇದ್ದದ್ದು ಒಂದೇ ಒಂದು ಗೆರೆ. ಬುಧವಾರ ಮಧ್ಯಾಹ್ನ ಭೂಗೋಳದ ಪ್ರಾಕ್ಟಿಕಲ್, ಮತ್ತು ಗಣಿತ ಭೂಗೋಳದ ಆ ಹುಡುಗ.

ಇಲ್ಲಿಂದ ಮುಂದೆ ನನ್ನ ನಡತೆ ಅಧ್ಯಾಪಕ ವೃತ್ತಿಗೆ ಶೋಭೆ ತರುವಂಥದ್ದಲ್ಲ. ಕಾರಿಡಾರಿನಲ್ಲಿ ಸಿಕ್ಕಾಗಲೆಲ್ಲ ಅವನ ಹೆಗಲ ಮೇಲೆ ಕೈಹಾಕುತ್ತಿದ್ದೆ. ಭೂಗೋಳ ಬಹಳ ಕಷ್ಟವಂತೆ ಹೌದಾ? ಮ್ಯಾಪು ಈಗ ಎಲ್ಲ ಮೊಬೈಲಿನಲ್ಲೇ ಬರುತ್ತಲ್ಲಪ್ಪಾ? ಅದರಲ್ಲಿ ಫಲ ಕಾಣದೆ, ಗಣಿತವೂ ಅಂಥ ಉಪಯೋಗದ ವಿಷಯವೇನಲ್ಲ ಎಂದು ಹೊಟ್ಟೆಪಾಡಿಗೇ ದ್ರೋಹ ಬಗೆದೆ. ಹುಡುಗ ಪ್ರತಿ ಸಲವೂ ನಮ್ರವಾಗಿ, “ಇಲ್ಲ ಸಾರ್, ಎರಡೂ ಚೆನ್ನಾಗಿದೆ” ಅನ್ನುತ್ತಿದ್ದ. ಮೇಷ್ಟ್ರು ತನ್ನ ಬಗ್ಗೆ ಎಷ್ಟು ಕಾಳಜಿ ಮಾಡುತ್ತಾರೆಂದು ಅವನು ಮನೆಯಲ್ಲಿ ಹೇಳಿ, ಅವರಪ್ಪ ಒಂದು ದಿನ ಒಂದು ಗೊನೆ ಬಾಳೆಹಣ್ಣು ತಂದುಕೊಟ್ಟು ಕೈಮುಗಿದು ಹೋದರು. ಸ್ಟಾಫ್ ರೂಮಿನಲ್ಲಿ ಎಲ್ಲರೂ ತಿಂದರು. ನನಗೆ ಗಂಟಲಲ್ಲಿ ಇಳಿಯಲಿಲ್ಲ.

ಡಿಸೆಂಬರಿನಲ್ಲಿ ಆ ಹುಡುಗ ಬಾಗಿಲಲ್ಲಿ ಬಂದು ನಿಂತ. ಸಿಇಟಿಯಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಟಿಸಿಗೆ ನನ್ನ ನೋ ಡ್ಯೂ ಸಹಿ ಬೇಕಿತ್ತು. ಅಷ್ಟು ಚುರುಕಾಗಿ ನಾನು ಯಾವ ಕಾಗದಕ್ಕೂ ಸಹಿ ಹಾಕಿಲ್ಲ. ಹುಡುಗನ ಕಣ್ಣಲ್ಲಿ ನೀರಿತ್ತು; ನನ್ನ ಕಣ್ಣಲ್ಲೂ ಇತ್ತು, ಕಾರಣ ಬೇರೆ. ಅವನು ಗೇಟು ದಾಟುವ ಮೊದಲೇ ಸ್ಕೇಲು, ಪೆನ್ಸಿಲ್ ಹಿಡಿದು ಆಫೀಸಿಗೆ ಓಡಿದೆ. ಗೆರೆ ಅಳಿಸಿತು, ಬುಧವಾರ ತೆರೆಯಿತು.

ಬುಧವಾರ ತೆರೆದದ್ದನ್ನು ನನಗಿಂತ ಮೊದಲು ಕಂಪ್ಯೂಟರ್ ಸೈನ್ಸಿನವರು ನೋಡಿದ್ದರು. ಟಿಸಿ ಅರ್ಜಿಯಲ್ಲಿ ಅವರದೇ ಮೊದಲ ಸಹಿ. ಪ್ರಿನ್ಸಿಪಾಲರಿಂದ ಲ್ಯಾಬನ್ನು ಬುಧವಾರಕ್ಕೆ ಬರೆಸಿಕೊಂಡು ಆಗಲೇ ಕ್ಲಾಸಿಗೆ ಹೋಗಿಯಾಗಿತ್ತು. ಅವರಿಗೂ ಶನಿವಾರ ಊರಿಗೆ ಹೋಗಬೇಕಿತ್ತಂತೆ.

ಜನವರಿಯಲ್ಲಿ ಎಲ್ಲವನ್ನೂ ಮತ್ತೆ ಮೊದಲಿನಿಂದ ಕಟ್ಟಬೇಕಾಯಿತು. ಇದರಲ್ಲಿ ನಗುವಂಥದ್ದು ಕಡಿಮೆ. ಗೌರವಧನ ಹೆಚ್ಚಿಸಬೇಕೆಂದು ಅತಿಥಿ ಉಪನ್ಯಾಸಕರು ಹೋರಾಟ ಮಾಡಿದ್ದರು. 2022ರ ಜನವರಿಯಲ್ಲಿ ಸರ್ಕಾರ ಹೆಚ್ಚಿಸಿತು, ಜೊತೆಗೆ ಒಬ್ಬೊಬ್ಬರಿಗೆ ವಾರಕ್ಕೆ 15 ಗಂಟೆ ಎಂದೂ ಮಾಡಿತು. ಮೊದಲು ಎಂಟು ಹತ್ತು ಗಂಟೆ ಹಂಚಿಕೊಂಡು ಇಬ್ಬರು ಬದುಕುತ್ತಿದ್ದ ಕಡೆ ಈಗ ಒಬ್ಬರಿಗೆ 15 ತುಂಬಿಸಿದರೆ ಇನ್ನೊಬ್ಬರಿಗೆ ಏನೂ ಉಳಿಯುವುದಿಲ್ಲ. ಯಾರು ಉಳಿಯಬೇಕೆಂದು ತೀರ್ಮಾನಿಸುವುದು ನಾನಲ್ಲ; ಅದಕ್ಕೆ ಅಂಕ, ಸೇವಾವಧಿಯ ಪಟ್ಟಿಗಳಿವೆ. ಆದರೆ ಚೌಕಗಳನ್ನು ತುಂಬುವ ಪೆನ್ಸಿಲ್ ನನ್ನ ಕೈಯಲ್ಲಿತ್ತು. ಕೃತಕ ಬುದ್ಧಿಮತ್ತೆಯನ್ನು ಸೀಮೆಸುಣ್ಣದಲ್ಲಿ ಕಲಿಸಿದವರ ಹೆಸರು ಹೊಸ ಹಾಳೆಯಲ್ಲಿ ಎಲ್ಲೂ ಬರಲಿಲ್ಲ. ಅವರು ಹೋಗುವಾಗ, “ನಿಮ್ಮ ಟೈಮ್‌ಟೇಬಲಲ್ಲಿ ಒಂದು ಒಳ್ಳೇದಿತ್ತು ಸಾರ್, ನಾಲ್ಕು ಗಂಟೆ ಬಸ್ಸು ಯಾವತ್ತೂ ತಪ್ಪಲಿಲ್ಲ” ಅಂದರು. ನಾನು ಅದನ್ನು ಉದ್ದೇಶಪೂರ್ವಕವಾಗಿ ಮಾಡಿರಲಿಲ್ಲ. ಹಾಗೆಂದು ಅವರಿಗೆ ಹೇಳಲಿಲ್ಲ.

ಅಲ್ಲಿಂದ ಮುಂದೆ ಸೆಮಿಸ್ಟರಿಗೊಂದು ಹೊಸ ಹಾಳೆ. ಕೈ ಪಳಗಿತು. ಹೆಸರಿನ ಜಾಗದಲ್ಲಿ ಹೆಸರನ್ನೇ ಬರೆಯಲು ಕಲಿತೆ. ಒಂದು ವರ್ಷವಂತೂ ಇಡೀ ವ್ಯವಸ್ಥೆ ತೂಗಿಸಿ ನಿಲ್ಲಿಸಿದ್ದೆ, ನನ್ನ ಶನಿವಾರವೊಂದನ್ನು ಬಿಟ್ಟು. ಅಷ್ಟು ಜನರ ಕಣ್ಣು ಆ ಕಾಲಂನ ಮೇಲಿರುವಾಗ ನಿಂಬೆಹಳದಿಯೂ ಕೆಲಸ ಮಾಡುವುದಿಲ್ಲ. ಹೊಸ ಪದ್ಧತಿ ಮೈಗೆ ಹತ್ತಿತು ಅನ್ನುವಷ್ಟರಲ್ಲಿ 2024ರ ಮೇ ತಿಂಗಳಲ್ಲಿ ಇನ್ನೊಂದು ಆದೇಶ ಬಂತು: ಮತ್ತೆ ಮೂರು ವರ್ಷದ ಪದವಿ, ಮತ್ತೆ ಮೂರು ಮುಖ್ಯ ವಿಷಯ. ಕನ್ನಡದ ಹಿರಿಯರು ಅಷ್ಟು ಹೊತ್ತಿಗೆ ನಿವೃತ್ತರಾಗಿದ್ದರು. ಫೋನ್ ಮಾಡಿ, “ಸಾರ್, ನಿಮ್ಮ ಹಳೇ ಮೂಲಪ್ರತಿ ಎಲ್ಲಿದೆ?” ಎಂದೆ. “ಸ್ವಚ್ಛತಾ ಅಭಿಯಾನ ಅಂತ ಬೀರು ಖಾಲಿ ಮಾಡಿಸಿ ರದ್ದಿಗೆ ಹಾಕಿಸಿದ್ದು ನೀವೇ ಅಲ್ವೇ?” ಅಂದರು.

ಕೌನ್ಸೆಲಿಂಗಿನಲ್ಲಿ ನನಗೆ ಮೈಸೂರಿಗೆ ಹತ್ತಿರದ ಕಾಲೇಜಿಗೆ ವರ್ಗಾವಣೆ ಸಿಕ್ಕಿತು. ಡ್ಯೂಟಿ ರಿಪೋರ್ಟ್ ಮಾಡಿಕೊಂಡ ದಿನ ಅಲ್ಲಿಯ ಪ್ರಿನ್ಸಿಪಾಲರು ಫೈಲಿನಿಂದ ತಲೆಯೆತ್ತಿ, “ಓ, ಮ್ಯಾಥ್ಸಾ? ಟೈಮ್‌ಟೇಬಲ್ ಮಾಡಿ ಏನಾದ್ರೂ ಅನುಭವ ಇದೆಯೇನ್ರೀ?” ಎಂದು ಕೇಳಿದರು. “ಇಲ್ಲ ಸಾರ್” ಅಂದೆ. ಧ್ವನಿ ನಡುಗಲಿಲ್ಲ.

ಅಲ್ಲಿ ಆ ಕೆಲಸ ಸ್ಟ್ಯಾಟಿಸ್ಟಿಕ್ಸಿನ ಮೇಡಂ ಅವರದು. ಬೋರ್ಡಿಗೆ ಹಾಕಿದ ದಿನ ಮೊದಲು ಶನಿವಾರದ ಕಾಲಂ ನೋಡಿದೆ. ಲಾಸ್ಟ್ ಅವರ್ ನನ್ನದೇ. ಮೇಡಂ ಅವರ ಹೆಸರು ಶನಿವಾರ ಮೇಲಿಂದ ಕೆಳಗಿನ ತನಕ ಎಲ್ಲೂ ಇರಲಿಲ್ಲ. ವಿಚಾರಿಸೋಣವೆಂದು ಹೋದೆ.

“ನಾನೇನ್ ಮಾಡ್ಲಿ ಸಾರ್, ಕಂಪ್ಯೂಟರ್ ಹಾಗೆ ಕೊಟ್ಟಿದೆ” ಅಂದರು.

“ಯಾವ ಸಾಫ್ಟ್‌ವೇರ್ ಮೇಡಂ?”

“ಎಂಎಸ್ ವರ್ಡ್.”